ಡೊಂಕಿಲ್ಲದ ನಳಿಗೆ

ಚೌಕಾಶಿ ಮಾಡದೆ ನಾನು ಏನನ್ನಾದರೂ ಕೊಂಡಿದ್ದರೆ ಅದು ಇಲ್ಲಿ ಅಮೆರಿಕದ ಗ್ರೋಸರಿ ಅಂಗಡಿಗಳಲ್ಲಿ ಮಾತ್ರ. ಅದೂ ಅಲ್ಲಿ ಬೆಲೆ ಹೇಳುವುದು ಮೆಷಿನ್ನು, ಅದರ ಜೊತೆ ಜಗಳವಾಡಲು ಆಗುವುದಿಲ್ಲ ಎನ್ನುವ ಕಾರಣಕ್ಕೆ. ಇದು ನನಗೆ ಅವ್ವನಿಂದ ಬಂದದ್ದು. ಕನಕಪುರದ ಸಂತೆಯಲ್ಲಿ ಅವ್ವ ಒಂದು ಬದನೆಕಾಯಿ ಎತ್ತಿ ಹಿಡಿದು, "ಏನಯ್ಯಾ ಇದು, ಎಲ್ಲಾ ಹುಳುಕು" ಅನ್ನುವಳು. ಮಾರುವವನು ನಗುತ್ತಾ, "ಹುಳುಕಾದ್ರೆ ಬುಟ್ಬುಡವ್ವ, ನಮ್ಮನೆ ಹಸ ತಿನ್ತದೆ" ಅನ್ನುವನು. ಕಾಯಿ ಹುಳುಕಲ್ಲ ಎಂದು ಅವ್ವನಿಗೂ ಗೊತ್ತು, ಅವನಿಗೂ ಗೊತ್ತು. ಕೊನೆಗೆ ಎರಡು ಕಾಯಿ ಹೆಚ್ಚಿಗೆ ಹಾಕಿಸಿಕೊಂಡು ಅವ್ವ ಮುಂದಿನ ಗುಡ್ಡೆಗೆ ಹೋಗುವಳು, ಅವನು ಮುಂದಿನ ಗಿರಾಕಿಯನ್ನು ಕೂಗುವನು. ಯಾರ ಮನಸ್ಸಿಗೂ ನೋವಿಲ್ಲ.

ಇದನ್ನು ಮೊದಲೇ ಹೇಳುತ್ತಿರುವುದು ನನ್ನನ್ನು ಸಮರ್ಥಿಸಿಕೊಳ್ಳಲಿಕ್ಕಲ್ಲ. ಸಮರ್ಥಿಸಿಕೊಳ್ಳಲು ಏನೂ ಉಳಿದಿಲ್ಲ. ರೆಡ್‌ವುಡ್ ಸಿಟಿಯ ಒಬ್ಬ ಮುದುಕರಿಗೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಮೀಟಿಂಗಿನ ನಡುವೆ ನೆನಪಾದರೆ ಕ್ಯಾಮೆರಾ ಆಫ್ ಮಾಡಿ ಕೂರುತ್ತೇನೆ. ನಾನೂ ನನ್ನ ಗಂಡನೂ ನಮ್ಮನಮ್ಮಲ್ಲಿ ಅವರನ್ನು ತಾತ ಎನ್ನುತ್ತೇವೆ. ಅವರ ನಿಜವಾದ ಹೆಸರು ಬರೆಯುವ ಮುಖ ನನಗಿಲ್ಲ.

ನಾನು ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಇಪ್ಪತ್ತು ವರ್ಷ ಪೈಪೆಟ್ಟು ಹಿಡಿದೂ ಹಿಡಿದೂ ಕೈಗೆ ನಡುಗುವುದೇ ಮರೆತುಹೋಗಿದೆ. ಲ್ಯಾಬಿನವರೆಲ್ಲ ಸೇರಿ ಒಂದು ಶನಿವಾರ ಗುಡ್ಡದ ಮೇಲಿನ ಶೂಟಿಂಗ್ ರೇಂಜಿಗೆ ಹೋದಾಗ, ಮೊದಲ ಸಲ ರೈಫಲ್ಲು ಹಿಡಿದ ನಾನು ಎಲ್ಲರಿಗಿಂತ ಚೆನ್ನಾಗಿ ಹೊಡೆದೆ. ಅಂದಿನಿಂದ ಹುಚ್ಚು ಹಿಡಿಯಿತು. ತಿಂಗಳಿಗೆರಡು ಸಲ ಹೋಗಿ, ಬಾಡಿಗೆ ರೈಫಲ್ಲಿನಲ್ಲಿ ಕಾಗದಕ್ಕೆ ತೂತು ಮಾಡಿ ಬರುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುವ ನನ್ನಂಥವಳಿಗೆ ಅದು ಒಳ್ಳೆಯ ಔಷಧಿ ಎಂದು ನನ್ನ ಗಂಡ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ.

ಕಾಗದದಿಂದ ಮೊಲಕ್ಕೆ ಹೋದದ್ದು ನಾಲಗೆಯ ದೆಸೆಯಿಂದ. ನಾನು ಚಿಕ್ಕವಳಿದ್ದಾಗ ನಮ್ಮ ಊರಿನ ಗಂಡಸರು ಬಲೆ ಹಾಕಿ ಮೊಲ ಹಿಡಿದು ತರುತ್ತಿದ್ದರು. ಅದು ತಪ್ಪು ಎಂದು ಆಗ ಯಾರೂ ನಮಗೆ ಹೇಳಿರಲಿಲ್ಲ. ಮುದ್ದೆಯ ಜೊತೆ ಆ ಸಾರು ಉಂಡ ನಾಲಗೆಗೆ ಇಲ್ಲಿ ಅಂಗಡಿಯ ಫ್ರೀಜರಿನಲ್ಲಿ ಸಿಗುವ ಮೊಲ ಥರ್ಮಾಕೋಲ್ ಇದ್ದ ಹಾಗೆ. ಇಲ್ಲಿ ಪರೀಕ್ಷೆ ಬರೆದು ಲೈಸೆನ್ಸು ಪಡೆದರೆ ಮೊಲದ ಬೇಟೆ ಕಾನೂನಿಗೆ ಒಪ್ಪಿಗೆ. ಬರೆದೆ, ಪಡೆದೆ. ಗಂಡನ ಆಫೀಸಿನವರೊಬ್ಬರಿಗೆ ಲಿವರ್‌ಮೋರಿನ ಆಚೆ ಆಲಿವ್ ತೋಟವಿತ್ತು. ಗಿಡದ ಬುಡವೆಲ್ಲ ಮೊಲಗಳು ಕಡಿದು ಹಾಕುತ್ತಿವೆ, ಬಂದು ಹೊಡೆದುಕೊಂಡು ಹೋಗಿ ಎಂದರು. ಇನ್ನು ಬೇಕಾದದ್ದು ನನ್ನದೇ ಒಂದು ರೈಫಲ್ಲು.

ಮೊಲಕ್ಕೆ ದೊಡ್ಡ ಗುಂಡು ಬೇಡ, ಬೆರಳಿನ ತುದಿಯಷ್ಟಿರುವ ಪಾಯಿಂಟ್ ಟೂ-ಟೂ ಸಾಕು. ಆದರೆ ಅದು ತಲೆಗೇ ಬೀಳಬೇಕು. ಎರಡು ಅಂಗುಲ ಆಚೀಚೆಯಾದರೆ ಪ್ರಾಣಿ ನರಳುತ್ತಾ ಪೊದೆ ಸೇರುತ್ತದೆ, ಆ ಪಾಪ ನಮಗೆ. ಅದಕ್ಕೇ ತಿಳಿದವರು ಹೇಳಿದರು: ಹೊಸದು ಬೇಡ, ಸ್ಪರ್ಧೆಗೆ ಬಳಸಿದ ಹಳೆಯ ಟಾರ್ಗೆಟ್ ರೈಫಲ್ಲು ಹುಡುಕು, ಭಾರ ಇರುತ್ತದೆ, ಆದರೆ ಹೇಳಿದ ಕಡೆ ಹೊಡೆಯುತ್ತದೆ. ರೇಂಜಿನ ನೋಟಿಸ್ ಬೋರ್ಡಿನಲ್ಲಿ ಕೈಬರಹದ ಒಂದು ಚೀಟಿ ಸಿಕ್ಕಿತು. 'ನನ್ನ ಹೆಂಡತಿಯ ಟಾರ್ಗೆಟ್ ರೈಫಲ್. ಒಂಬೈನೂರು ಡಾಲರ್. ಒಳ್ಳೆಯ ಮನೆಗೆ ಹೋಗಬೇಕು.' ಫೋನ್ ಮಾಡಿದೆ. ಕೊಳ್ಳುವವಳು ಹೆಂಗಸು ಎಂದು ತಿಳಿದು ಆ ಕಡೆಯ ದನಿಗೆ ಸಂತೋಷವಾದದ್ದು ಫೋನಿನಲ್ಲೇ ಗೊತ್ತಾಯಿತು. ಹೊಡೆದು ನೋಡಿ ಆಮೇಲೆ ತೀರ್ಮಾನಿಸಿ, ಭಾನುವಾರ ಬೆಳಿಗ್ಗೆ ರೇಂಜಿಗೆ ತರುತ್ತೇನೆ ಎಂದರು.

ಶನಿವಾರ ಮಧ್ಯಾಹ್ನವೆಲ್ಲ ಕಂಪ್ಯೂಟರಿನ ಮುಂದೆ ಕೂತು ಹಳೇ ರೈಫಲ್ಲಿನಲ್ಲಿ ಏನೇನು ಹುಳುಕಿರಬಹುದು ಎಂದು ಓದಿದೆ. ಒಂದು ಮಾತು ಹಿಡಿಸಿತು. ಗುಂಡು ಹೊರಬೀಳುವ ನಳಿಗೆಯ ತುದಿ ಇರುತ್ತದಲ್ಲ, ಅದರ ಅಂಚು ಬಹಳ ಸೂಕ್ಷ್ಮ. ಕ್ಲೀನ್ ಮಾಡುವ ಸಲಾಕೆಯನ್ನು ಹಿಂದಿನಿಂದ ಹಾಕಬೇಕು. ತಿಳಿಯದವರು ಮುಂದಿನಿಂದ ತುರುಕಿ ಎಳೆದಾಡಿದರೆ ಆ ಅಂಚು ಸವೆದು, ಗುಂಡು ದಿಕ್ಕಾಪಾಲಾಗುತ್ತದೆ. ಬರಿಗಣ್ಣಿಗೆ ಕಾಣದ ಹುಳುಕು. ಕಾಣದ್ದನ್ನು ಇಲ್ಲ ಎಂದು ಯಾರೂ ವಾದಿಸಲಾರರು. ಖುಷಿಯಾಯಿತು ನನಗೆ.

ತಾತನಿಗೆ ಎಂಬತ್ತರ ಹತ್ತಿರ. ಮಂಡಿ ನೋವು, ಒಂದೊಂದೇ ಹೆಜ್ಜೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಪೆಟ್ಟಿಗೆ ತೆರೆದರೆ, ಅಬ್ಬಬ್ಬಾ, ಎಂಥ ರೈಫಲ್ಲು! ವಾಲ್‌ನಟ್ ಮರದ ಹಿಡಿ ಎಣ್ಣೆ ಕುಡಿದು ಮಿನುಗುತ್ತಿತ್ತು. ಒಂದು ಗೀರಿಲ್ಲ. ಹೆಂಡತಿ ನಾಲ್ಕು ವರ್ಷದ ಹಿಂದೆ ತೀರಿಕೊಂಡರಂತೆ. ಮೂವತ್ತು ವರ್ಷ ಈ ರೈಫಲ್ಲಿನಲ್ಲೇ ಸ್ಪರ್ಧೆಗೆ ಇಳಿದವರಂತೆ. "ನಾನು ಕಾರು ಓಡಿಸುವವನು, ಕಾಫಿ ತರುವವನು, ಅಷ್ಟೇ," ಎಂದರು. ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ನನಗೆ ಅದು ನೆನಪಿನಲ್ಲಿ ಕನ್ನಡವಾಗಿಯೇ ಕೂತಿದೆ.

ಅಮೆರಿಕದಲ್ಲಿ ನಮ್ಮವರಿಗೆ ಒಂದು ದೊಡ್ಡ ಅನುಕೂಲ. ಮಾರುವವರ ಎದುರಿಗೇ ನಿಂತು ಕನ್ನಡದಲ್ಲಿ ಪಿತೂರಿ ಮಾಡಬಹುದು. ನಾನು ತಾತನಿಗೆ ನಗು ತೋರಿಸುತ್ತಲೇ ಗಂಡನಿಗೆ ಹೇಳಿದೆ, "ರೀ, ಚೆನ್ನಾಗಿದೆ ಅಂತ ಮುಖದಲ್ಲಿ ತೋರಿಸ್ಬೇಡಿ. ಬೆಪ್ಪು ಥರ ನಿಂತಿರಿ."

"ಅದಕ್ಕೇನು, ದಿನಾ ನಿಲ್ತೀನಲ್ಲ," ಎಂದ ನನ್ನ ಗಂಡ.

ಮೊದಲ ಐದು ಗುಂಡು ಹೊಡೆಯುವಾಗ ತಾತ ಅಲ್ಲಿರಲಿಲ್ಲ, ಕೂರಲು ದಿಂಬು ತರುತ್ತೇನೆಂದು ಕಾರಿಗೆ ಹೋಗಿದ್ದರು. ಐವತ್ತು ಗಜ ದೂರದ ಕಾಗದ. ಟ್ರಿಗರ್ ಎಷ್ಟು ಹಗುರವೆಂದರೆ ಮುಟ್ಟುವ ಮೊದಲೇ ಮನಸ್ಸು ಓದಿದಂತಿತ್ತು. ಎಲ್ಲರೂ ಗನ್ನು ಕೆಳಗಿಟ್ಟು ಹಿಂದೆ ಸರಿದು, ಮುಂದೆ ಹೋಗಬಹುದು ಎಂದು ರೇಂಜಿನವರು ಕೂಗಿದ ಮೇಲೆ ನಾನೂ ಗಂಡನೂ ಹೋಗಿ ಕಾಗದ ನೋಡಿದೆವು. ಐದು ಗುಂಡಿಗೆ ಒಂದೇ ತೂತು. ಒಂದು ಬಟಾಣಿ ಕೂರುವಷ್ಟು.

"ಶಿವನೇ! ಎಷ್ಟ್ ಚೆನ್ನಾಗಿದ್ಯಲ್ಲೇ," ಎಂದ ಗಂಡ.

"ಶ್! ಸುಮ್ನಿರಿ," ಎಂದು ಕಾಗದ ಮಡಿಸಿ ಕಸದ ಡಬ್ಬಿಗೆ ಹಾಕಿದೆ. ಹೊಸ ಕಾಗದ ಅಂಟಿಸಿದೆ. ಏನು ಮಾಡಬೇಕೆಂದು ಅಷ್ಟು ಹೊತ್ತಿಗೆ ನಿರ್ಧಾರವಾಗಿತ್ತು.

ಈ ಸಲ ತಾತ ಪಕ್ಕದಲ್ಲೇ ಕೂತು ದುರ್ಬೀನಿನಲ್ಲಿ ಕಣ್ಣಿಟ್ಟರು. ಕೆಟ್ಟದಾಗಿ ಹೊಡೆಯುವುದೂ ಒಂದು ವಿದ್ಯೆಯೇ. ಉಸಿರು, ಗುರಿ, ಎಲ್ಲ ಸರಿಯಾಗಿ ಹಿಡಿದು, ಕೊನೆಯ ಗಳಿಗೆಯಲ್ಲಿ ಕೂದಲೆಳೆಯಷ್ಟು ಭುಜ ಸರಿಸಿದರೆ ಸಾಕು, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಐದು ಗುಂಡು ಐದು ದಿಕ್ಕಿಗೆ ಹೋದವು. ಮತ್ತೆ ಐದು, ಅವೂ ಹಾಗೆಯೇ. ತಾತ ದುರ್ಬೀನಿನಿಂದ ಕಣ್ಣು ತೆಗೆದು, ಒರೆಸಿಕೊಂಡು, ಮತ್ತೆ ನೋಡಿದರು.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಲಂತೆ. ನೀನು ಕುಣಿಯೋಕೆ ಬಂದೂ ಅಂತಿದೀಯಲ್ಲೇ. ಬೇಡ, ಪಾಪ ಕಣೇ," ಎಂದ ಗಂಡ ಮೆಲ್ಲಗೆ. ತಾತ ನಮ್ಮಿಬ್ಬರ ಮುಖ ನೋಡಿ ನಕ್ಕರು, ನಾವೇನೋ ಅವರ ರೈಫಲ್ಲನ್ನು ಹೊಗಳುತ್ತಿದ್ದೇವೆ ಎನ್ನುವ ಹಾಗೆ.

ನಾನು ನಳಿಗೆಯ ತುದಿಯನ್ನು ಬೆಳಕಿಗೆ ಹಿಡಿದು, ತಿಳಿದವಳ ಹಾಗೆ ತಲೆಯಾಡಿಸಿದೆ. "ಅಂಚು ಸವೆದಿದೆ. ಯಾರೋ ಇದನ್ನು ಮುಂದಿನಿಂದ ಸಲಾಕೆ ಹಾಕಿ ಕ್ಲೀನ್ ಮಾಡಿದ್ದಾರೆ."

ಹುಳುಕಾದರೆ ಬಿಟ್ಟುಬಿಡಿ ಎನ್ನುತ್ತಾರೆ, ನಾನು ಒಂದು ಬೆಲೆ ಹೇಳುತ್ತೇನೆ, ಅವರೊಂದು ಹೇಳುತ್ತಾರೆ, ಏಳುನೂರಕ್ಕೆ ಬಂದು ನಿಲ್ಲುತ್ತೇವೆ ಎಂದು ಲೆಕ್ಕ ಹಾಕಿದ್ದೆ. ತಾತ ಬೆಲೆಯ ಮಾತೇ ಎತ್ತಲಿಲ್ಲ. ಮುಖದ ಬಣ್ಣ ಇಳಿಯಿತು. "ಹಾಗೆ ಆಗಬಹುದೇ? ಬರೀ ಕ್ಲೀನ್ ಮಾಡುವುದರಿಂದ?" ಎಂದು ಕೇಳಿದರು.

"ಆಗುತ್ತದೆ," ಎಂದೆ.

"ಅದು ನಾನೇ," ಎಂದರು. "ಅವಳಿದ್ದಾಗ ಮುಟ್ಟಲೂ ಬಿಡುತ್ತಿರಲಿಲ್ಲ, ತಾನೇ ಮಾಡಿಕೊಳ್ಳುತ್ತಿದ್ದಳು. ಅವಳು ಹೋದ ಮೇಲೆ ತುಕ್ಕು ಹಿಡಿಯಬಾರದಲ್ಲ ಎಂದು ಪ್ರತಿ ಭಾನುವಾರ ನಾನು ಮಾಡಿದೆ. ಹಿಂದಿನ ಭಾಗ ಬಿಚ್ಚುವುದು ನನಗೆ ಗೊತ್ತಿಲ್ಲ. ಮುಂದಿನಿಂದಲೇ ಮಾಡಿದೆ. ನಾಲ್ಕು ವರ್ಷ."

ಕತ್ತಲಲ್ಲಿ ಎಸೆದ ಕಲ್ಲು ನೇರ ಹೋಗಿ ಮುದುಕರ ಎದೆಗೆ ಬಿದ್ದಿತ್ತು. ಆಗಲೇ ಬಾಯಿಬಿಡಬೇಕಿತ್ತು. 'ಅಯ್ಯೋ ಇಲ್ಲ ಸಾರ್, ಸುಮ್ಮನೆ ಬೆಲೆ ಇಳಿಸಲು ಹೇಳಿದೆ, ಕೊಡಿ ಇಲ್ಲಿ' ಎಂದು ಇನ್ನೊಂದು ಐದು ಗುಂಡು ಹೊಡೆದು ತೋರಿಸಿದ್ದರೆ ಮುಗಿದುಹೋಗುತ್ತಿತ್ತು. ಬೈಸಿಕೊಂಡು ಬರುತ್ತಿದ್ದೆ, ಅಷ್ಟೇ. ಆದರೆ ಆ ಬೈಗುಳಕ್ಕೆ ಹೆದರಿ ಸುಮ್ಮನೆ ನಿಂತೆ. ಕನ್ನಡದಲ್ಲಿ ಪಿತೂರಿ ಮಾಡಿದ ಬಾಯಿಗೆ ಇಂಗ್ಲಿಷಿನಲ್ಲಿ ನಿಜ ಹೇಳಲು ಆಗಲಿಲ್ಲ.

"ಕೆಟ್ಟುಹೋದದ್ದನ್ನು ನಿಮಗೆ ಮಾರಲಾರೆ," ಎಂದರು ತಾತ. ನಾನು ಪರವಾಗಿಲ್ಲ ಎಂದೆ. ಹಾಗಾದರೆ ನಿಮಗೆ ತೋಚಿದಷ್ಟು ಕೊಡಿ ಎಂದರು. ನಾಲ್ಕು ನೂರು ಎಂದೆ. ಹೇಳಿದ್ದು ನಾನೇ, ಬೇರೆ ಯಾರೂ ಅಲ್ಲ. ಅವರು ತಲೆಯಾಡಿಸಿದರು. ಅವರ ಕೈ ನಳಿಗೆಯ ತುದಿಯನ್ನು ಸವರುತ್ತಲೇ ಇತ್ತು.

ಇಲ್ಲಿನ ಕಾನೂನಿನಂತೆ ಗನ್ನನ್ನು ಕೈಯಿಂದ ಕೈಗೆ ಕೊಡುವಂತಿಲ್ಲ. ಇಬ್ಬರೂ ಡೀಲರ್ ಅಂಗಡಿಗೆ ಹೋಗಿ ಕಾಗದಪತ್ರ ಮಾಡಿ, ರೈಫಲ್ಲನ್ನು ಅಲ್ಲೇ ಬಿಟ್ಟು, ಹತ್ತು ದಿನ ಕಾಯಬೇಕು. ದೇವರು ನನಗೆಂದೇ ಇಟ್ಟಂತಿದ್ದ ಹತ್ತು ದಿನ. ಮೂರನೇ ದಿನ ತಾತ ಫೋನ್ ಮಾಡಿದರು. ನಾನು ಎತ್ತಲಿಲ್ಲ. ಮೆಸೇಜು ಬಿಟ್ಟಿದ್ದರು. ಯಾರನ್ನೋ ವಿಚಾರಿಸಿದರಂತೆ, ಅಂಚನ್ನು ಹೊಸದಾಗಿ ಕಡಿದು ಸರಿ ಮಾಡುವವರು ಇದ್ದಾರಂತೆ, ಖರ್ಚು ತಾವೇ ಕೊಡುತ್ತಾರಂತೆ. ಏಳನೇ ದಿನ ಮತ್ತೆ. ಮಗಳಿಗೆ ವಿಷಯ ಹೇಳಿದರಂತೆ, ಹೋಗಲಿ ಬಿಡಿ ಡ್ಯಾಡ್ ಎಂದಳಂತೆ, ಆದರೆ ತನಗೆ ಬಿಡಲು ಆಗುತ್ತಿಲ್ಲವಂತೆ. "ಅವಳು ನನಗೆ ಒಂದು ವಸ್ತು ಮಾತ್ರ ಮುಟ್ಟಬೇಡ ಎಂದಿದ್ದಳು," ಎಂದು ಹೇಳಿ ಫೋನ್ ಇಟ್ಟಿದ್ದರು.

ನನಗೆ ಬಂದದ್ದು ಕಣ್ಣೀರಲ್ಲ, ಕೋಪ. "ಇಷ್ಟು ಸುಲಭವಾಗಿ ನಂಬೋರು ವ್ಯಾಪಾರಕ್ಕೆ ಯಾಕ್ರೀ ಬರ್ಬೇಕು? ವಾದ ಮಾಡ್ಬೇಕಿತ್ತಪ್ಪ!" ಎಂದು ಗಂಡನ ಮೇಲೆ ಕೂಗಾಡಿದೆ.

"ಕಳ್ಳನ ಮನಸ್ಸು ಹುಳ್ಳಹುಳ್ಳಗೆ," ಎಂದ ಅವನು. "ಫೋನ್ ಮಾಡಿ ಒಂದ್ ಮಾತು ಹೇಳ್ಬಿಡೇ. ದುಡ್ಡೂ ಕೊಟ್ಬಿಡು. ನಂಗೇನೂ ಬೇಜಾರಿಲ್ಲ."

"ನಿಮ್ಮ ಬೇಜಾರು ಯಾರಿಗ್ ಬೇಕ್ರಿ," ಎಂದು ಬಾಗಿಲು ಹಾಕಿಕೊಂಡೆ.

ಹತ್ತು ದಿನ ಕಳೆದು ರೈಫಲ್ಲು ಮನೆಗೆ ಬಂತು. ಇಲ್ಲಿ ಬೇಟೆಗೆ ಸೀಸದ ಗುಂಡು ಬಳಸುವಂತಿಲ್ಲ, ತಾಮ್ರದ್ದೇ ಆಗಬೇಕು. ಹಳೆಯ ರೈಫಲ್ಲಿಗೆ ಅದು ಒಗ್ಗುತ್ತದೋ ಇಲ್ಲವೋ ಹೊಡೆದೇ ನೋಡಬೇಕು. ರೇಂಜಿಗೆ ಹೋಗಿ ಮೂರು ಬಗೆಯ ಗುಂಡು ಹೊಡೆದು ನೋಡಿದೆ. ಪೆಟ್ಟಿಗೆ ತೆರೆಯುವಾಗ, ನಿಜ ಹೇಳುತ್ತೇನೆ, ನಳಿಗೆ ನಿಜವಾಗಿ ಕೆಟ್ಟಿರಲಿ ದೇವರೇ ಎಂದು ಬೇಡಿಕೊಂಡೆ. ಕೆಟ್ಟಿದ್ದರೆ ನನ್ನ ಸುಳ್ಳು ನಿಜವಾಗಿಬಿಡುತ್ತಿತ್ತು. ಎರಡು ಬಗೆಯವು ಅಷ್ಟಕ್ಕಷ್ಟೆ. ಮೂರನೆಯದು ಐದಕ್ಕೈದೂ ಒಂದು ಕಾಸಿನಗಲದೊಳಗೆ ಹೋಯಿತು. ಸೀಸದ ಗುಂಡು ಹಾಕಿದರೆ ಮತ್ತೆ ಅದೇ ಬಟಾಣಿ ತೂತು. ನಾಲ್ಕು ವರ್ಷದ ಭಾನುವಾರಗಳು ಆ ನಳಿಗೆಗೆ ಒಂದು ಕೂದಲಿನಷ್ಟೂ ಕೇಡು ಮಾಡಿರಲಿಲ್ಲ.

ಮುಂದಿನ ವಾರ ಆಲಿವ್ ತೋಟಕ್ಕೆ ಹೋದೆವು. ಬೆಳಗಿನ ಏಳು ಗಂಟೆ, ಮೂವತ್ತೈದು ಹೆಜ್ಜೆ ದೂರ, ಒಂದೇ ಗುಂಡು. ಮೊಲಕ್ಕೆ ಸದ್ದು ಕೇಳುವಷ್ಟೂ ಸಮಯ ಸಿಕ್ಕಿರಲಾರದು. ಮನೆಗೆ ತಂದು ಹಸನು ಮಾಡಿ, ಕೊಬ್ಬರಿ, ಗಸಗಸೆ, ಚಕ್ಕೆ ಲವಂಗ ಹುರಿದು ರುಬ್ಬಿ ಸಾರು ಮಾಡಿದೆ. ಮುದ್ದೆ ಕಟ್ಟಿದೆ. ಚೆನ್ನಾಗಿಯೇ ಇತ್ತು. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಸಲ ಹಾಕಿಸಿಕೊಂಡು ಉಂಡೆ. ಉಂಡು ಕೈ ತೊಳೆಯುವಾಗ ಗಂಡ, "ಈಗ್ಲಾದ್ರೂ ಹೋಗಿ ಹೇಳು," ಎಂದ. ಈ ಸಲ ನಾನು ಕೂಗಾಡಲಿಲ್ಲ.

ಶನಿವಾರ ತಾತನ ಮನೆಗೆ ಹೊರಟೆವು. ನಮ್ಮ ಕಡೆಯಿಂದ ಕೊಲ್ಲಿಯ ಸೇತುವೆ ದಾಟುವ ಉದ್ದಕ್ಕೂ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಒಪ್ಪಿಸಿಕೊಂಡೆ. ಮೂರೇ ವಾಕ್ಯ. ನಳಿಗೆ ಚೆನ್ನಾಗಿದೆ. ಅವತ್ತು ನಾನು ಬೇಕೆಂದೇ ಕೆಟ್ಟದಾಗಿ ಹೊಡೆದೆ. ತಗೊಳ್ಳಿ ಉಳಿದ ಐನೂರು ಡಾಲರು. ಚೀಲದಲ್ಲಿ ದುಡ್ಡಿನ ಕವರು, ಬಟಾಣಿ ತೂತಿನ ಹೊಸ ಕಾಗದ ಎರಡೂ ಇದ್ದವು. ಗಂಡನನ್ನು ಕಾರಿನಲ್ಲೇ ಇರಲು ಹೇಳಿದೆ. ಅವಮಾನ ಆಗುವುದಾದರೆ ಒಬ್ಬಳಿಗೇ ಆಗಲಿ ಎಂದು.

ಬಾಗಿಲು ತೆರೆದ ತಾತ ಸೊರಗಿದ್ದರು. ಒಳಗೆ ಕರೆದು ಕೂರಿಸಿದರು. ಮೂರು ವಾಕ್ಯದಲ್ಲಿ ಮೊದಲನೆಯದು ಬಾಯಿಗೆ ಬಾರದೆ, ಮಾತಿನ ಬದಲು ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಕನ್ನಡಕ ಹುಡುಕಿ ಹಾಕಿಕೊಂಡು, ಕಾಗದವನ್ನು ಕಿಟಕಿಗೆ ಹಿಡಿದು ನೋಡಿದರು.

"ಇದು ಅದರಲ್ಲೇ ಹೊಡೆದದ್ದಾ?"

"ಹೌದು."

"ಸರಿ ಮಾಡಿಸಿದಿರಾ!" ಎಂದರು. ಪ್ರಶ್ನೆಯಲ್ಲ, ಸಂತೋಷ. ಮುದುಕರ ಕಣ್ಣಲ್ಲಿ ನೀರು ತುಂಬಿತು. "ನೀವು ಫೋನ್ ಎತ್ತದಿದ್ದಾಗ ಸಿಟ್ಟಾಗಿದ್ದೀರಿ ಎಂದುಕೊಂಡೆ. ಇಲ್ಲಿ ನೋಡಿದರೆ ನೀವು ಸರಿ ಮಾಡಿಸುತ್ತಿದ್ದಿರಿ!"

ಅವರು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು. ನನ್ನ ಮುಂದೆ ಎರಡು ದಾರಿಯಿತ್ತು. ನಿಜ ಹೇಳಿದರೆ ಅವರು ತಪ್ಪೇ ಮಾಡಿರಲಿಲ್ಲ ಎಂದಾಗುತ್ತಿತ್ತು, ಆದರೆ ನಾನು ಎಂಥವಳು ಎನ್ನುವುದೂ ಗೊತ್ತಾಗುತ್ತಿತ್ತು. ಆ ಕೈಗಳು ನನ್ನ ಕೈ ಬಿಟ್ಟುಬಿಡುತ್ತಿದ್ದವು. ಇಪ್ಪತ್ತು ವರ್ಷದಿಂದ ಅಲುಗದ ನನ್ನ ಕೈಗಳು ಅವರ ಕೈಯೊಳಗೆ ಒದ್ದೆಯಾಗಿದ್ದವು.

"ಹೌದು," ಎಂದೆ. "ಸರಿ ಮಾಡಿಸಿದೆ."

"ಎಷ್ಟಾಯಿತು?"

"ಬೇಡ, ಬಿಡಿ."

"ಇಲ್ಲ, ಹಾಳು ಮಾಡಿದವನು ನಾನು. ನಾನೇ ಕೊಡಬೇಕು." ಎದ್ದು ಒಳಗೆ ಹೋದರು. ಮಂಡಿ ನೋವಿನ ಹೆಜ್ಜೆಗಳು ಹೋಗುವುದೂ ಬರುವುದೂ ಕೇಳಿಸಿತು. ಅಷ್ಟು ಹೊತ್ತು ನಾನೊಬ್ಬಳೇ ಇದ್ದೆ. ಐನೂರು ಡಾಲರಿನ ಕವರನ್ನು ಮೇಜಿನ ಮೇಲಿಟ್ಟು ಓಡಿಹೋಗಬಹುದಿತ್ತು. ಓಡಲಿಲ್ಲ. ಅವರು ಇನ್ನೂರು ಡಾಲರು ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. ಬೇಡ ಎಂದೆ. ಮತ್ತೆ ಬೇಡ ಎಂದೆ. ತಗೊಳ್ಳದಿದ್ದರೆ ತನಗೆ ನಿದ್ದೆ ಬರುವುದಿಲ್ಲ ಎಂದರು. ತಗೊಂಡೆ.

ಬಾಗಿಲವರೆಗೂ ಬಂದು, "ಇನ್ನು ನೀವೇ ಕ್ಲೀನ್ ಮಾಡಿ. ಯಾವ ಗಂಡಸಿಗೂ ಮುಟ್ಟಲು ಬಿಡಬೇಡಿ," ಎಂದು ನಕ್ಕರು.

ಕಾರಿನಲ್ಲಿ ಕೂತೆ. ಗಂಡ ನನ್ನ ಮುಖ ನೋಡಿ, "ಹೇಳಿದ್ಯಾ?" ಎಂದ.

"ಹೇಳ್ದೆ," ಎಂದೆ.

"ಏನಂದ್ರು?"

"ಕ್ಷಮಿಸಿದ್ರು."

ಅವನು ನನ್ನ ತಲೆ ಸವರಿ, "ನನ್ನ ಬಂಗಾರ," ಎಂದು ಕಾರು ಸ್ಟಾರ್ಟ್ ಮಾಡಿದ.